ನಗರದ ಮರಗಳ ಕೆಲಸಕ್ಕೆ ಯಾವ ಓದು? ಪಿಯುಸಿ ಮುಗಿಸುವವರಿಗೊಂದು ಹೋಲಿಕೆ

ಸಿಇಟಿ ಆಯ್ಕೆಪಟ್ಟಿಯನ್ನು ಮೇಲಿಂದ ಕೆಳಗೆ ಎಷ್ಟು ಸಲ ಹುಡುಕಿದರೂ ‘ನಗರ ಅರಣ್ಯಶಾಸ್ತ್ರ’ ಎಂಬ ಪದವಿ ಕಣ್ಣಿಗೆ ಬೀಳುವುದಿಲ್ಲ. ‘ನನಗೆ ಮರಗಳೆಂದರೆ ಪ್ರಾಣ, ಆದರೆ ಕಾಡಿನಲ್ಲಿ ಅಲ್ಲ, ಊರಿನಲ್ಲೇ ಇದ್ದು ಕೆಲಸ ಮಾಡಬೇಕು’ ಎನ್ನುವ ಹುಡುಗ ಹುಡುಗಿಯರು ಇಲ್ಲಿಯೇ ಕೈಚೆಲ್ಲುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಕೆಲಸವೂ ಇಲ್ಲ ಎಂದುಕೊಂಡು, ಸಿಕ್ಕಿದ ಎಂಜಿನಿಯರಿಂಗ್ ಸೀಟಿಗೆ ಹೊರಟುಬಿಡುತ್ತಾರೆ. ಅದು ನನಗೆ ಬಹಳ ಸಂಕಟ ತರುವ ಸಂಗತಿ. ಏಕೆಂದರೆ ನಮ್ಮ ಊರುಗಳಲ್ಲಿ ಕೆಲಸ ಬೇಕಾದಷ್ಟಿದೆ, ಅದನ್ನು ಬಲ್ಲವರು ಇಲ್ಲ. ಏಪ್ರಿಲ್ ಮೇ ತಿಂಗಳ ಮೊದಲ ಗಾಳಿಮಳೆಗೆ ಬೆಂಗಳೂರಿನಲ್ಲಿ ಮರಗಳು ಉರುಳುತ್ತವೆ, ಕೊಂಬೆ ಮುರಿದು ಜನ ಸಾಯುತ್ತಾರೆ. ಮರುದಿನ ಇನ್ನೊಂದು ಬೀದಿಯಲ್ಲಿ ಗಟ್ಟಿಮುಟ್ಟಾದ ಮರಗಳನ್ನೂ ಹೆದರಿಕೆಯಿಂದ ಬೋಳಿಸುತ್ತಾರೆ. ಯಾವ ಮರ ಬೀಳುತ್ತದೆ, ಯಾವುದು ಇನ್ನೂ ಐವತ್ತು ವರ್ಷ ನಿಲ್ಲುತ್ತದೆ ಎಂದು ನೋಡಿ ಹೇಳಬಲ್ಲವರು ಆ ಎರಡು ಬೀದಿಗಳಲ್ಲೂ ಇರುವುದಿಲ್ಲ.

ಆದ್ದರಿಂದ ಇರುವ ಪದವಿಗಳನ್ನೇ ಒಂದರ ಪಕ್ಕ ಒಂದಿಟ್ಟು ನೋಡೋಣ. ಯಾವುದೂ ಪೂರ್ತಿ ಅಲ್ಲ. ಪ್ರತಿಯೊಂದರಲ್ಲೂ ಏನೋ ಒಂದು ಕೊರತೆ ಇದೆ, ಆ ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು. ಯಾವ ಕೊರತೆಯನ್ನು ತುಂಬಿಕೊಳ್ಳಲು ನಿಮಗೆ ಸುಲಭ ಎನ್ನುವುದರ ಮೇಲೆ ಆಯ್ಕೆ ನಿಂತಿದೆ.

ಮೊದಲು ಕೆಲಸ ನೋಡಿ, ಆಮೇಲೆ ಪದವಿ

ಊರಿನ ಮರದ ಸುತ್ತ ಮೂರು ಬಗೆಯ ಜನರ ಕೆಲಸ ಇದೆ. ಮೊದಲನೆಯವರು ಸಹಿ ಹಾಕುವವರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ತೆಗೆಯುವುದಾದರೆ ಜನರ ಆಕ್ಷೇಪಣೆಗಳನ್ನೂ ಕೇಳಬೇಕು. ಸ್ಥಳಕ್ಕೆ ಹೋಗಿ, ಮರ ಎಣಿಸಿ, ಯಾವುದನ್ನು ಉಳಿಸಬಹುದು ಎಂದು ಕಡತದಲ್ಲಿ ಬರೆಯುವ ಕೆಲಸ ಇವರದು. ಬೆಂಗಳೂರಿನಲ್ಲಿ ಈ ಕುರ್ಚಿಗಳಲ್ಲಿ ಕೂತವರು ಹೆಚ್ಚಿನಂಶ ಅರಣ್ಯ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರು. ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆಗಳಾಗಿವೆ, ಆದರೂ ಮರಗಳ ಕಡತ ಓದಬಲ್ಲ ಅಧಿಕಾರಿಯ ಅಗತ್ಯ ಕಡಿಮೆಯಾಗಿಲ್ಲ.

ಎರಡನೆಯವರು ನಕ್ಷೆ ಬರೆಯುವವರು. ರಸ್ತೆ ಅಗಲ ಎಷ್ಟು, ಚರಂಡಿ ಎಲ್ಲಿ ಹೋಗಬೇಕು, ಫುಟ್‌ಪಾತಿನಲ್ಲಿ ಮರಕ್ಕೆ ಎಷ್ಟು ಮಣ್ಣು ಬಿಡಬೇಕು ಎನ್ನುವುದನ್ನು ಇವರು ಮರ ನೆಡುವ ಮೊದಲೇ ತೀರ್ಮಾನಿಸಿರುತ್ತಾರೆ.

ಮೂರನೆಯವರು ಮರ ಹತ್ತುವವರು, ಮರ ಮುಟ್ಟಿ ನೋಡುವವರು. ಹೊರದೇಶಗಳಲ್ಲಿ ಆರ್ಬರಿಸ್ಟ್ ಎನ್ನುವುದು ಇವರನ್ನು. ನಮ್ಮಲ್ಲಿ ಈ ಕೆಲಸ ಗುತ್ತಿಗೆ ತಂಡಗಳ ಪಾಲಾಗಿದೆ. ಆ ತಂಡದ ಹುಡುಗರು ಹತ್ತುವುದನ್ನು ನೋಡಿದರೆ ಕೈಮುಗಿಯಬೇಕೆನಿಸುತ್ತದೆ; ಬರಿಗಾಲಲ್ಲಿ, ಒಂದು ಹಗ್ಗ, ಒಂದು ಮಚ್ಚು ಹಿಡಿದು ಮೂರನೇ ಮಹಡಿಯ ಎತ್ತರಕ್ಕೆ ಹೋಗಿ ನಿಲ್ಲುತ್ತಾರೆ. ಅವರ ಧೈರ್ಯಕ್ಕೆ ತಕ್ಕ ರಕ್ಷಣೆಯನ್ನು ಯಾರೂ ಕೊಟ್ಟಿಲ್ಲ, ಎಲ್ಲಿ ಕತ್ತರಿಸಬೇಕೆಂದು ಯಾರೂ ಕಲಿಸಿಲ್ಲ.

ಸಹಿ ಹಾಕುವುದೋ, ನಕ್ಷೆ ಬರೆಯುವುದೋ, ಹತ್ತುವುದೋ? ಪಿಯುಸಿ ಮುಗಿಯುವ ಹೊತ್ತಿಗೆ ಖಚಿತವಾಗಿ ಗೊತ್ತಿರಬೇಕಿಲ್ಲ. ಆದರೆ ಇವುಗಳಲ್ಲಿ ಯಾವುದು ನಿಮ್ಮಿಂದ ಖಂಡಿತ ಆಗದು ಎಂಬುದಂತೂ ಗೊತ್ತಿರುತ್ತದೆ. ಅಷ್ಟು ಸಾಕು.

ಅರಣ್ಯಶಾಸ್ತ್ರ: ಶಿರಸಿ ಮತ್ತು ಪೊನ್ನಂಪೇಟೆ

ಕರ್ನಾಟಕದಲ್ಲಿ ಬಿಎಸ್ಸಿ ಅರಣ್ಯಶಾಸ್ತ್ರ ಎಂದರೆ ಎರಡು ಹೆಸರು. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯ ಒಂದು, ಕೊಡಗಿನ ಪೊನ್ನಂಪೇಟೆಯದು ಇನ್ನೊಂದು. ನಾಲ್ಕು ವರ್ಷದ ಓದು, ಸಿಇಟಿ ಮೂಲಕ ಪ್ರವೇಶ, ಸರ್ಕಾರಿ ಶುಲ್ಕ. ಎರಡೂ ಕಡೆ ಹಾಸ್ಟೆಲ್ಲಿನಿಂದ ಹೊರಗೆ ಕಾಲಿಟ್ಟರೆ ಪಶ್ಚಿಮ ಘಟ್ಟ.

ಇಲ್ಲಿ ಕಲಿಯುವ ವಿಷಯಗಳ ಪಟ್ಟಿ ನೋಡಿ: ಮರಗಳನ್ನು ಗುರುತಿಸುವುದು, ಮರ ಬೆಳೆಸುವ ಶಾಸ್ತ್ರ, ಮರದ ಅಳತೆ, ಬೀಜ ಮತ್ತು ನರ್ಸರಿ, ಮರದ ರೋಗಗಳು, ಕೀಟಗಳು, ಮರದೊಳಗಿನ ರಚನೆ, ಅರಣ್ಯ ಕಾನೂನು, ಕೃಷಿ ಅರಣ್ಯ. ಕೊನೆಯ ವರ್ಷ ತರಗತಿ ಬಿಟ್ಟು ಕ್ಷೇತ್ರಾನುಭವಕ್ಕೆ ಕಳಿಸುತ್ತಾರೆ. ಊರಿನ ಮರದ ಕೆಲಸಕ್ಕೆ ಬೇಕಾದ ಬುನಾದಿ ಇಷ್ಟು ಒಂದೇ ಕಡೆ ಸಿಗುವುದು ಈ ಪದವಿಯಲ್ಲಿ ಮಾತ್ರ. ಎಲೆ ಉದುರಿದ ಮರವನ್ನು ತೊಗಟೆ ನೋಡಿಯೇ ಹೆಸರಿಸುವ ಅಭ್ಯಾಸ, ಬುಡದಲ್ಲಿ ಎದ್ದ ಅಣಬೆ ಕಂಡರೆ ಒಳಗೆ ಎಲ್ಲಿಯವರೆಗೆ ಕೊಳೆತಿರಬಹುದು ಎಂದು ಊಹಿಸುವ ಕಣ್ಣು, ಇವು ಇಲ್ಲಿ ಬೆಳೆಯುತ್ತವೆ.

ಕೊರತೆ ಎಲ್ಲಿದೆ ಎಂದರೆ, ಅರಣ್ಯಶಾಸ್ತ್ರ ಒಂಟಿ ಮರದ ಬಗ್ಗೆ ಯೋಚಿಸುವುದಿಲ್ಲ, ನೆಡುತೋಪಿನ ಬಗ್ಗೆ ಯೋಚಿಸುತ್ತದೆ. ತೇಗದ ತೋಪಿನಲ್ಲಿ ಸೊರಗಿದ ಗಿಡಗಳನ್ನು ತೆಗೆದು ಉಳಿದವು ನೆಟ್ಟಗೆ ಬೆಳೆಯುವಂತೆ ಮಾಡುತ್ತಾರೆ. ಎಷ್ಟನೇ ವರ್ಷ ಕಟಾವು, ಎಷ್ಟು ಘನ ಮೀಟರ್ ನಾಟಾ ಎಂಬ ಲೆಕ್ಕ ಅಲ್ಲಿ ಮುಖ್ಯ. ಊರಿನ ಮರಕ್ಕೆ ಕಟಾವಿನ ವರ್ಷವೇ ಇಲ್ಲ. ಬಸ್ ನಿಲ್ದಾಣದ ಮೇಲೆ ಚಾಚಿಕೊಂಡ ಮಳೆಮರದ ಒಂದು ಕೊಂಬೆ ಈ ಮುಂಗಾರು ದಾಟುತ್ತದೆಯೇ ಇಲ್ಲವೇ ಎನ್ನುವುದು ಅಲ್ಲಿನ ಪ್ರಶ್ನೆ. ಆ ಪ್ರಶ್ನೆಗೆ ಉತ್ತರಿಸುವುದನ್ನು ನಾಲ್ಕು ವರ್ಷದಲ್ಲಿ ಯಾರೂ ಕಲಿಸಿಕೊಡುವುದಿಲ್ಲ. ಆದರೆ ಉತ್ತರಿಸಲು ಬೇಕಾದ ಒಂದೊಂದು ತುಂಡೂ ಬೇರೆ ಬೇರೆ ವಿಷಯಗಳಲ್ಲಿ ಹರಡಿಕೊಂಡಿದೆ. ಮರದ ರಚನೆ ಕಲಿಸುವ ಅಧ್ಯಾಪಕರನ್ನೂ ರೋಗಶಾಸ್ತ್ರದವರನ್ನೂ ಊರಿನ ಮರದ ಬಗ್ಗೆಯೇ ಕೇಳುತ್ತ ಹೋದರೆ ನೀವೇ ಜೋಡಿಸಿಕೊಳ್ಳಬಹುದು.

ಸರ್ಕಾರಿ ಕೆಲಸದ ಮಾತು. ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಅರಣ್ಯ ಪದವೀಧರರಿಗೆ ಪಾಲು ಇದೆ. ಆ ಪಾಲು ಎಷ್ಟಿರಬೇಕು ಎನ್ನುವುದರ ಬಗ್ಗೆ ಈ ಎರಡೂ ಕಾಲೇಜುಗಳ ವಿದ್ಯಾರ್ಥಿಗಳು ಧರಣಿ ಕೂತದ್ದೂ ಉಂಟು. ಆದ್ದರಿಂದ ಸೀಟು ಹಿಡಿದರೆ ನೌಕರಿ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಂದ್ರದ ಭಾರತೀಯ ಅರಣ್ಯ ಸೇವೆಗೂ ಈ ಪದವಿಯಿಂದ ನೇರ ದಾರಿ. ಅಲ್ಲಿ ಪರೀಕ್ಷೆ ಗೆದ್ದ ಮೇಲೆ ನಾಲ್ಕು ಗಂಟೆಯೊಳಗೆ ಗಂಡಸರು 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆದು ತೋರಿಸಬೇಕು. ಒಂದು ಮಾತು ನೆನಪಿರಲಿ: ಸರ್ಕಾರಿ ಅರಣ್ಯಾಧಿಕಾರಿಯಾದರೆ ಊರಿನ ಮರಗಳ ಜೊತೆ ಕಳೆಯುವುದು ನಿಮ್ಮ ಸೇವೆಯ ಒಂದು ತುಂಡು ಮಾತ್ರ. ಪಾಲಿಕೆಗೆ ನಿಯೋಜನೆ ಮುಗಿದರೆ ಮತ್ತೆ ಬಂಡೀಪುರವೋ ಭದ್ರಾವತಿಯೋ.

ತೋಟಗಾರಿಕೆ: ಲಾಲ್‌ಬಾಗಿನ ಪರಂಪರೆ

ಬೆಂಗಳೂರಿನ ಹಸಿರಿನ ಚರಿತ್ರೆ ಓದಿದವರಿಗೆ ಒಂದು ಸ್ವಾರಸ್ಯ ಕಾಣುತ್ತದೆ. ಈ ಊರಿಗೆ ಮರ ಕೊಟ್ಟವರಲ್ಲಿ ಎರಡು ಪರಂಪರೆಗಳಿವೆ. ಒಂದು ಲಾಲ್‌ಬಾಗನ್ನು ಬೆಳೆಸಿದ ತೋಟಗಾರಿಕೆಯದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್, ಅವರ ನಂತರ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರಬೇಕು ಎಂದು ಮರಗಳನ್ನು ಆರಿಸಿ ನೆಟ್ಟದ್ದು ಈ ಪರಂಪರೆ. ಇನ್ನೊಂದು ಅರಣ್ಯ ಇಲಾಖೆಯದು. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ ಅವರು ಊರು ಬೆಳೆಯುತ್ತಿದ್ದ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಒಂದು ಪರಂಪರೆ ಒಂದೊಂದು ಮರದ ಚೆಲುವನ್ನು ಕಂಡಿತು, ಇನ್ನೊಂದು ಇಡೀ ನಗರಕ್ಕೆ ನೆರಳು ಹೊದಿಸಿತು. ಈಗ ಎರಡೂ ಪೀಳಿಗೆಯ ಮರಗಳಿಗೆ ವಯಸ್ಸಾಗಿದೆ. ಅವುಗಳನ್ನು ನೋಡಿಕೊಳ್ಳಲು ಎರಡೂ ಪರಂಪರೆಯ ಜ್ಞಾನ ಒಟ್ಟಿಗೆ ಬೇಕು.

ಬಿಎಸ್ಸಿ ತೋಟಗಾರಿಕೆ ಹೆಚ್ಚಾಗಿ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಕಾಲೇಜುಗಳು ರಾಜ್ಯದ ತುಂಬ ಇವೆ: ಬಾಗಲಕೋಟೆ, ಅರಭಾವಿ, ಶಿರಸಿ, ಮೈಸೂರು, ಕೋಲಾರ, ಬೀದರ್. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ಒಂದಿದೆ. ಅರಣ್ಯಶಾಸ್ತ್ರಕ್ಕಿಂತ ಸೀಟು ಹೆಚ್ಚು, ಮನೆಗೆ ಹತ್ತಿರ ಸಿಗುವ ಸಾಧ್ಯತೆಯೂ ಹೆಚ್ಚು.

ಮಣ್ಣು, ನೀರು, ಗೊಬ್ಬರ, ಕಸಿ, ನರ್ಸರಿ, ಉದ್ಯಾನ ವಿನ್ಯಾಸ ಇವು ಇಲ್ಲಿ ಚೆನ್ನಾಗಿ ಕೈಗೆ ಹತ್ತುತ್ತವೆ. ಸವರುವುದನ್ನೂ ಕಲಿಸುತ್ತಾರೆ, ಆದರೆ ಅದು ದ್ರಾಕ್ಷಿ, ಸೀಬೆ, ಮಾವಿನ ಸವರಿಕೆ, ಉದ್ದೇಶ ಇಳುವರಿ. ಕೈಗೆಟಕುವ ಎತ್ತರದಲ್ಲಿ, ಮುಂದಿನ ಬೆಳೆಗಾಗಿ ಕತ್ತರಿ ಹಾಕುವ ಅಭ್ಯಾಸವನ್ನು ಅರವತ್ತು ಅಡಿಯ ಮಹಾಗನಿಯ ಮೇಲೆ ಹಾಗೇ ತಂದು ಹಾಕಿದರೆ ಅನಾಹುತ. ಮಾವಿನ ಮರದ ತುದಿ ಮೊಟಕಿದರೆ ಅದು ಹೊಸ ಚಿಗುರಿನಲ್ಲಿ ಕಾಯಿ ಕೊಟ್ಟೀತು. ರಸ್ತೆಯ ಮರದ ತಲೆ ಹಾರಿಸಿದರೆ ಕತ್ತರಿಸಿದ ಜಾಗದ ಸುತ್ತ ದಂಡಿಯಾಗಿ ಚಿಗುರು ಬರುತ್ತದೆ. ಆ ಚಿಗುರುಗಳು ತೊಗಟೆಯ ಅಂಚಿಗೆ ಅಂಟಿಕೊಂಡು ದಪ್ಪವಾಗುತ್ತವೆ, ಕೆಳಗಿನ ಮರ ಕೊಳೆಯುತ್ತ ಹೋಗುತ್ತದೆ, ಕೆಲವು ವರ್ಷಕ್ಕೆ ಒಂದು ಗಾಳಿಗೆ ಇಡೀ ಗೊಂಚಲು ಕಿತ್ತು ಬೀಳುತ್ತದೆ. ತಂತಿ ಕೆಳಗಿನ ಮರಗಳಲ್ಲಿ ಇದನ್ನು ನೀವು ದಿನಾ ನೋಡುತ್ತಿದ್ದೀರಿ.

ಖಾಸಗಿ ಕೆಲಸ ಬೇಗ ಸಿಗುವುದು ಈ ಪದವಿಗೆ. ದೊಡ್ಡ ಅಪಾರ್ಟ್‌ಮೆಂಟುಗಳು, ಐಟಿ ಆವರಣಗಳು, ಲ್ಯಾಂಡ್‌ಸ್ಕೇಪ್ ಕಂಪನಿಗಳು, ನರ್ಸರಿಗಳು. ಅಲ್ಲಿ ಸೇರಿದವರಿಗೆ ಲಾನ್ ಮತ್ತು ಹೂಕುಂಡಗಳ ನಡುವೆ ಮರ ಮರೆತುಹೋಗುವ ಅಪಾಯವೂ ಇದೆ, ಏಕೆಂದರೆ ಆವರಣದ ಮಾಲೀಕರು ಪ್ರತಿದಿನ ನೋಡುವುದು ಹುಲ್ಲನ್ನು. ಸರ್ಕಾರದ ಕಡೆ ತೋಟಗಾರಿಕೆ ಇಲಾಖೆಯ ಹುದ್ದೆಗಳಿವೆ. ಭಾರತೀಯ ಅರಣ್ಯ ಸೇವೆಯ ಕನಸಿದ್ದರೆ ಮಾತ್ರ ಆ ಪ್ರಕಟಣೆಯ ಅರ್ಹತಾ ಪಟ್ಟಿಯನ್ನು ಕಣ್ಣಿಟ್ಟು ಓದಿ: ಕೃಷಿ, ಅರಣ್ಯ, ಎಂಜಿನಿಯರಿಂಗ್ ಪದವಿಗಳ ಹೆಸರಿದೆ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಂಥ ವಿಷಯಗಳ ಹೆಸರಿದೆ, ತೋಟಗಾರಿಕೆ ಎಂಬ ಹೆಸರು ಅದರಲ್ಲಿ ನೇರವಾಗಿ ಇಲ್ಲ.

ಬಿಎಸ್ಸಿ ಕೃಷಿಯ ಬಗ್ಗೆ ಒಂದೇ ಮಾತು. ನೌಕರಿಯ ಬಾಗಿಲುಗಳು ಹೆಚ್ಚು, ನಿಜ. ಆದರೆ ಮರ ಅಲ್ಲಿ ಬದುವಿನಂಚಿನ ವಿಷಯ. ಮನಸ್ಸು ಮರದಲ್ಲೇ ಇದ್ದರೆ ಅದನ್ನು ಮೂರನೇ ಆಯ್ಕೆಯಾಗಿ ಇಟ್ಟುಕೊಳ್ಳಿ.

ಹತ್ತಿರದ ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ

ರ‍್ಯಾಂಕ್ ಸಾಲದೆ ಹೋದವರು, ಮನೆಯ ಪರಿಸ್ಥಿತಿಯಿಂದ ಊರು ಬಿಡಲಾಗದವರು, ‘ಶಿರಸಿ ದೂರ, ಹುಡುಗಿಯನ್ನು ಕಳಿಸುವುದಿಲ್ಲ’ ಎಂಬ ಮಾತು ಕೇಳಿದವರು ಈ ದಾರಿಯನ್ನು ಕೀಳಾಗಿ ಕಾಣಬೇಡಿ. ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎಸ್ಸಿ ಸಸ್ಯಶಾಸ್ತ್ರ ಓದಿದವರಿಗೂ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಎಂಎಸ್ಸಿ ಅರಣ್ಯಶಾಸ್ತ್ರಕ್ಕೆ ಪ್ರವೇಶ ಪರೀಕ್ಷೆ ಬರೆಯಲು ಅವಕಾಶವಿದೆ. 1906ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ, ಪರಿಸರ ನಿರ್ವಹಣೆಯ ಎಂಎಸ್ಸಿಗಳೂ ಇವೆ. ಮರದೊಳಗಿನ ಕೊಳೆಯುವಿಕೆಯಲ್ಲಿ ಆಸಕ್ತಿ ಇದ್ದವರಿಗೆ ಮರವಿಜ್ಞಾನ ಬಹಳ ಒಳ್ಳೆಯ ಆಯ್ಕೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಕೂಡ ಡೆಹ್ರಾಡೂನಿನ ಬಳಗದ್ದೇ. ಅಲ್ಲಿನ ಮರದ ತುಂಡುಗಳ ಸಂಗ್ರಹ ನೋಡಲಿಕ್ಕಾದರೂ ಒಮ್ಮೆ ಹೋಗಿ ಬನ್ನಿ.

ಡಿಗ್ರಿಯಲ್ಲಿ ಸಿಗದ್ದು ಕ್ಷೇತ್ರದ ಕೆಲಸ. ಅದನ್ನು ಮೂರು ವರ್ಷ ಓದುತ್ತಲೇ ಸಂಪಾದಿಸಬೇಕು. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ವಿದ್ಯಾರ್ಥಿಗಳು ಮನೆಯ ಹತ್ತಿರದ ಒಂದು ಮರ ಆರಿಸಿಕೊಂಡು ಅದರ ಚಿಗುರು, ಹೂ, ಕಾಯಿಯನ್ನು ವಾರವಾರ ದಾಖಲಿಸುತ್ತಾರೆ. ದುಡ್ಡು ಬೇಡ, ಯಾರ ಅನುಮತಿಯೂ ಬೇಡ. ಎರಡು ವರ್ಷ ಒಂದೇ ಹೊಂಗೆ ಮರವನ್ನು ಹೀಗೆ ನೋಡಿದವರಿಗೆ ಸಂದರ್ಶನದಲ್ಲಿ ಹೇಳಲು ಸ್ವಂತದ ಮಾತು ಇರುತ್ತದೆ.

ನಕ್ಷೆ ಬರೆಯುವವರ ದಾರಿ

ಬಿಆರ್ಕ್, ಅಂದರೆ ವಾಸ್ತುಶಿಲ್ಪದ ಪದವಿ, ಐದು ವರ್ಷ. ಪಿಯುಸಿಯಲ್ಲಿ ಗಣಿತ ಇರಲೇಬೇಕು, ಅದರ ಪ್ರವೇಶಕ್ಕೆಂದೇ ಇರುವ ನಾಟಾ (NATA) ಪರೀಕ್ಷೆ ಬರೆಯಬೇಕು. ಆಮೇಲೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಅಥವಾ ಅಹಮದಾಬಾದಿನ ಸೆಪ್ಟ್‌ನಂಥ ಕಡೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ನಲ್ಲಿ ಸ್ನಾತಕೋತ್ತರ ಓದು. ಎಲ್ಲ ದಾರಿಗಳಲ್ಲಿ ಉದ್ದವಾದದ್ದು ಇದು, ಖಾಸಗಿ ಕಾಲೇಜಾದರೆ ದುಬಾರಿಯೂ ಹೌದು.

ಇಷ್ಟೆಲ್ಲ ಏಕೆ ಎನ್ನುವವರು ಯಾವುದಾದರೂ ಹೊಸ ಫುಟ್‌ಪಾತಿನ ಮರದ ಬುಡದಲ್ಲಿ ಕೂತು ನೋಡಿ. ಗ್ರಾನೈಟು ಕಾಂಡದವರೆಗೆ ಬಂದಿರುತ್ತದೆ. ಕಾಂಡ ದಪ್ಪವಾಗುತ್ತಾ ಕಲ್ಲಿನ ಅಂಚಿಗೆ ಒತ್ತಿಕೊಂಡು ತೊಗಟೆ ಸುಲಿದಿರುತ್ತದೆ. ಒಂದು ಕಡೆ ಚರಂಡಿಯ ಗೋಡೆ, ಇನ್ನೊಂದು ಕಡೆ ಕೇಬಲ್ಲಿಗೆಂದು ಜೆಸಿಬಿ ತೋಡಿದ ಕಾಲುವೆ. ಮರದ ಬೇರುಗಳ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ, ಅವುಗಳನ್ನೇ ಆ ಕಾಲುವೆ ನೇರ ಗೆರೆ ಎಳೆದಂತೆ ಕತ್ತರಿಸಿ ಹಾಕಿರುತ್ತದೆ. ಮರ ಕೂಡಲೇ ಬೀಳುವುದಿಲ್ಲ. ಎರಡು ಮೂರು ಮಳೆಗಾಲ ಕಳೆದು, ಎಲ್ಲರೂ ಕೇಬಲ್ ಕೆಲಸ ಮರೆತ ಮೇಲೆ, ಬೇರು ಕಡಿದ ಬದಿಯಿಂದ ಎದುರು ಬದಿಗೆ ವಾಲಿ ಬೀಳುತ್ತದೆ. ಆಗ ಪತ್ರಿಕೆಗಳಲ್ಲಿ ‘ಹಳೆಯ ಮರ ಧರೆಗೆ’ ಎಂದು ಬರುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಸಬೇಕೆಂದು ಆದೇಶ ಕೊಡಬೇಕಾಗಿ ಬಂತು. ಆ ಒಂದು ಮೀಟರ್ ಮೊದಲೇ ನಕ್ಷೆಯಲ್ಲಿ ಇದ್ದಿದ್ದರೆ ನ್ಯಾಯಮಂಡಳಿಯೇ ಬೇಕಿರಲಿಲ್ಲ. ಚಿತ್ರ ಬರೆಯುವ ಕೈ ಇದ್ದು, ಮಣ್ಣಿನ ಬಗ್ಗೆಯೂ ಕಾಳಜಿ ಇದ್ದವರು ಈ ವೃತ್ತಿಗೆ ಬಂದರೆ ಅವರೊಬ್ಬರಿಂದ ಉಳಿಯುವ ಮರಗಳ ಸಂಖ್ಯೆ ದೊಡ್ಡದು.

ಬಿಆರ್ಕ್‌ನಲ್ಲಿ ಮರಗಳ ಬಗ್ಗೆ ಕಲಿಯುವುದು ಬಹಳ ಕಡಿಮೆ. ನಕ್ಷೆಯಲ್ಲಿ ಮರ ಎಂದರೆ ಒಂದು ಹಸಿರು ವೃತ್ತ. ಆ ವೃತ್ತ ಹೊಂಗೆಯೋ ಅರಳಿಯೋ, ಇಪ್ಪತ್ತು ವರ್ಷದಲ್ಲಿ ಎಷ್ಟು ಅಗಲವಾಗುತ್ತದೆ, ಅದರ ಬೇರಿಗೆ ಎಷ್ಟು ಮಣ್ಣು ಬೇಕು ಎನ್ನುವುದನ್ನು ಲಾಲ್‌ಬಾಗಿನಲ್ಲಿ, ಕಬ್ಬನ್ ಪಾರ್ಕಿನಲ್ಲಿ ಟೇಪು ಹಿಡಿದು ನಡೆದು ಕಲಿಯಬೇಕು.

ಹತ್ತುವ ವಿದ್ಯೆ: ಯಾವ ಪದವಿಯಲ್ಲೂ ಇಲ್ಲದ್ದು

ಇಲ್ಲಿಯವರೆಗೆ ಹೇಳಿದ ಯಾವ ಪದವಿಯೂ ಕೊಂಬೆಯನ್ನು ಸರಿಯಾಗಿ ಕತ್ತರಿಸುವುದನ್ನು ಕಲಿಸುವುದಿಲ್ಲ. ನೋಡಲು ಸಣ್ಣ ವಿಷಯ. ಆದರೆ ಊರಿನ ಮರಗಳ ಆಯುಸ್ಸು ಅಲ್ಲಿಯೇ ತೀರ್ಮಾನವಾಗುತ್ತದೆ.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಸ್ವಲ್ಪ ಉಬ್ಬಿ ಕೊರಳಪಟ್ಟಿಯಂತೆ ಇರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಕಾಂಡಕ್ಕೆ ಸಮನಾಗಿ ಒರೆಸಿದಂತೆ ಕತ್ತರಿಸಿದರೆ ಆ ಉಬ್ಬೇ ಹೋಗುತ್ತದೆ, ಕೊಳೆ ನೇರ ಕಾಂಡದೊಳಕ್ಕೆ ಇಳಿಯುತ್ತದೆ. ಮೊಳಕಾಲುದ್ದ ಗೂಟ ಬಿಟ್ಟು ಕತ್ತರಿಸಿದರೂ ತಪ್ಪು. ಗೂಟ ಒಣಗಿ, ಕೊಳೆತು, ಅದೇ ಮುಂದೆ ಪೊಟರೆಯಾಗುತ್ತದೆ. ಸರಿಯಾದ ಕ್ರಮದಲ್ಲಿ ಮೂರು ಕಡಿತಗಳಿವೆ. ಕಾಂಡದಿಂದ ಒಂದಡಿ ಆಚೆ ಕೊಂಬೆಯ ಕೆಳಗಿನಿಂದ ಕಾಲುಭಾಗ ಗರಗಸ ಹಾಕಬೇಕು. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕತ್ತರಿಸಿದರೆ ಕೊಂಬೆ ತೊಗಟೆ ಸೀಳದೆ ಬೀಳುತ್ತದೆ. ಉಳಿದ ಗೂಟವನ್ನು ಉಬ್ಬಿನ ಹೊರ ಅಂಚಿನಲ್ಲಿ, ಉಬ್ಬಿಗೆ ತಾಗದಂತೆ ತೆಗೆಯಬೇಕು. ಮೇಲೆ ಬಣ್ಣ, ಟಾರು, ಸಗಣಿ ಏನೂ ಬೇಡ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೋ ಎಂಬ ವಿಜ್ಞಾನಿ ಮರಗಳನ್ನು ಉದ್ದುದ್ದ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು: ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಬಂಧಿಸುತ್ತದೆ, ಕಾಂಡದ ಹೊಸ ಪದರ ಅದರ ಹೊರಗೆ ಬೆಳೆಯುತ್ತದೆ. ಉಬ್ಬನ್ನು ಕೆತ್ತಿದರೆ ಆ ಗೋಡೆ ಕಟ್ಟುವ ಜಾಗವನ್ನೇ ಕೆಡವಿದಂತೆ. ನಮ್ಮಲ್ಲಿ ಬಂದಳಿಕೆ ಹಿಡಿದ ಮಾವು, ಹೊಂಗೆ ಮರಗಳ ಮೇಲೂ ಈ ಕ್ರಮವೇ ಬೇಕು. ಬಂದಳಿಕೆಯ ಎಲೆ ಮಾತ್ರ ಕಿತ್ತರೆ ಪ್ರಯೋಜನವಿಲ್ಲ.

ಇದನ್ನೆಲ್ಲ ಕಲಿಯುವುದು ಹೇಗೆ? ಹಗ್ಗ ಹಾರ್ನೆಸ್ ಹಾಕಿ ಹತ್ತುವುದನ್ನು ನುರಿತವರ ಜೊತೆ ಕೆಲಸ ಮಾಡುತ್ತಲೇ ಕಲಿಯಬೇಕು, ಒಬ್ಬರೇ ವಿಡಿಯೊ ನೋಡಿ ಪ್ರಯತ್ನಿಸುವುದು ಪ್ರಾಣಕ್ಕೆ ಕುತ್ತು. ಓದಿನ ಭಾಗಕ್ಕೆ ಅಮೆರಿಕದ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್, ಅಂದರೆ ಐಎಸ್‌ಎ ನೀಡುವ ಸರ್ಟಿಫೈಡ್ ಆರ್ಬರಿಸ್ಟ್ ಪ್ರಮಾಣಪತ್ರ ಒಳ್ಳೆಯ ಅಳತೆಗೋಲು. ಪದವಿ ಇಲ್ಲದವರಿಗೆ ಮೂರು ವರ್ಷದ ಅನುಭವ ಬೇಕು, ಸಂಬಂಧಪಟ್ಟ ನಾಲ್ಕು ವರ್ಷದ ಪದವಿ ಇದ್ದವರಿಗೆ ಒಂದು ವರ್ಷ ಸಾಕು. ಬಹು ಆಯ್ಕೆಯ 200 ಪ್ರಶ್ನೆಗಳು, ಗೆದ್ದ ಮೇಲೂ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಒಂದು ವಿಷಯ ಗಮನದಲ್ಲಿರಲಿ: ಇದು ಬರೆಯುವ ಪರೀಕ್ಷೆ, ಹತ್ತುವುದನ್ನು ಪರೀಕ್ಷಿಸುವುದಿಲ್ಲ. ಹತ್ತುವವರಿಗೆ ಅದೇ ಸಂಸ್ಥೆಯ ಬೇರೆ ಪ್ರಮಾಣಪತ್ರ ಇದೆ. ಗೋಡೆಗೆ ಹಾಕುವ ಪತ್ರಕ್ಕಿಂತ ಆ ಪರೀಕ್ಷೆಯ ಪಠ್ಯದ ಬೆಲೆ ಹೆಚ್ಚು, ಅರಣ್ಯಶಾಸ್ತ್ರದಲ್ಲಿ ಚೆದುರಿ ಹೋದದ್ದನ್ನು ಅದು ಒಂಟಿ ಮರದ ಸುತ್ತ ಜೋಡಿಸಿ ಕೊಡುತ್ತದೆ.

ಡಿಗ್ರಿಯ ಹಂಬಲವಿಲ್ಲದೆ ಕೈಕೆಲಸಕ್ಕೇ ಇಳಿಯಬೇಕೆನ್ನುವವರಿಗೆ ತೋಟಗಾರಿಕೆ ಇಲಾಖೆಯ 10 ತಿಂಗಳ ತರಬೇತಿ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ರೈತರ ಮಕ್ಕಳಿಗೆಂದು ಮಾಡಿದ್ದು, ತಿಂಗಳ ಭತ್ಯೆಯೂ ಇದೆ. ಅದರಿಂದ ಮರ ಹತ್ತುವವರಾಗುವುದಿಲ್ಲ, ಆದರೆ ಮಣ್ಣು, ಗಿಡ, ನರ್ಸರಿಯ ನೆಲೆ ಸಿಗುತ್ತದೆ.

ಹೊರದೇಶಕ್ಕೆ ಹೋಗಬೇಕೇ?

ಹೆಸರಿಗೆ ತಕ್ಕ ಪದವಿ ಇರುವುದು ಅಲ್ಲೇ. ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಗರ ಅರಣ್ಯಶಾಸ್ತ್ರದ್ದೇ ನಾಲ್ಕು ವರ್ಷದ ಪದವಿ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸ್ಟಾಕ್‌ಬ್ರಿಜ್ ಶಾಲೆಯಲ್ಲಿ ಮರ ಆರೈಕೆಯ ಎರಡು ವರ್ಷದ ಕೋರ್ಸು, ಅಲ್ಲಿ ಹತ್ತುವುದೂ ಪಾಠದ ಭಾಗ. ಇಂಗ್ಲೆಂಡಿನ ಮೈಯರ್ಸ್‌ಕೋ ಕಾಲೇಜಿನ ಮರ ಆರೈಕೆಯ ಕೋರ್ಸುಗಳಲ್ಲಿ ಆನ್‌ಲೈನಿನಲ್ಲಿ ಓದಬಹುದಾದವೂ ಇವೆ.

ಆದರೂ ಪಿಯುಸಿ ಮುಗಿದ ಕೂಡಲೇ ಸಾಲ ಮಾಡಿ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕಲಿಯುವುದು ಓಕ್, ಮೇಪಲ್, ಬರ್ಚ್ ಮರಗಳನ್ನು; ಚಳಿಗಾಲದಲ್ಲಿ ಮಲಗಿ ವಸಂತದಲ್ಲಿ ಏಳುವ ಮರಗಳನ್ನು. ಯಾವಾಗ ಸವರಬೇಕು, ಗಾಯ ಎಷ್ಟು ಬೇಗ ಮುಚ್ಚುತ್ತದೆ, ಯಾವ ಶಿಲೀಂಧ್ರ ಯಾವ ಋತುವಿನಲ್ಲಿ ಹಬ್ಬುತ್ತದೆ ಎಂಬ ಅಲ್ಲಿನ ಲೆಕ್ಕ ನಮ್ಮ ಮಳೆಮರಕ್ಕೆ, ಗುಲ್‌ಮೊಹರಿಗೆ, ಆಕಾಶಮಲ್ಲಿಗೆಗೆ ನೇರ ಹೊಂದುವುದಿಲ್ಲ. ಮೊದಲು ಇಲ್ಲಿಯ ಮರ ಕಲಿತು, ಆಮೇಲೆ ಸ್ನಾತಕೋತ್ತರಕ್ಕೆ ಹೋದವರಿಗೆ ಆ ಓದು ಹತ್ತು ಪಟ್ಟು ಫಲ ಕೊಡುತ್ತದೆ. ಯೋಜನೆ ಮಾಡುವ ವಿಧಾನವನ್ನಂತೂ ಅಲ್ಲಿಂದ ತರಬೇಕು. 2021ರಲ್ಲಿ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ ಮುಂದಿಟ್ಟ 3-30-300 ಸೂತ್ರ ನೋಡಿ: ಪ್ರತಿ ಮನೆಯಿಂದ ಮೂರು ಮರ ಕಾಣಬೇಕು, ಪ್ರತಿ ಬಡಾವಣೆಯ ಶೇ 30ರಷ್ಟು ಜಾಗ ಮರದ ನೆರಳಿನಲ್ಲಿರಬೇಕು, ಉದ್ಯಾನ 300 ಮೀಟರ್ ಒಳಗೆ ಸಿಗಬೇಕು. ಈ ಅಳತೆ ಹಿಡಿದು ನಿಮ್ಮ ಬಡಾವಣೆಯನ್ನು ಒಂದು ಭಾನುವಾರ ಸುತ್ತಿದರೆ ಸಾಕು, ಕೆಲಸ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಹೊರಗೆ ಹೋಗಿ ನೋಡುವ ಆಸೆ ಇದ್ದವರಿಗೆ ಸಿಂಗಪುರವನ್ನು ಸೂಚಿಸುತ್ತೇನೆ. ಅಲ್ಲಿನ ರಸ್ತೆಗಳಲ್ಲೂ ನಮ್ಮದೇ ಮಳೆಮರಗಳು, ನಮ್ಮಂಥದೇ ಸೆಕೆ ಮಳೆ. ಅಲ್ಲಿನ ನ್ಯಾಷನಲ್ ಪಾರ್ಕ್ಸ್ ಬೋರ್ಡ್ ಊರಿನ ಮರಗಳನ್ನು ಒಂದೊಂದಾಗಿ ದಾಖಲಿಸಿ, ಕಾಲಕಾಲಕ್ಕೆ ತಪಾಸಣೆ ಮಾಡಿಸುತ್ತದೆ. ಬೆಂಗಳೂರಿಗೆ ಬೇಕಾದ ಮಾದರಿ ವ್ಯಾಂಕೂವರಿಗಿಂತ ಅಲ್ಲಿ ಹೆಚ್ಚು ಸಿಗುತ್ತದೆ.

ನನ್ನ ಆಯ್ಕೆ, ಮತ್ತು ಈಗ ಮಾಡಬೇಕಾದದ್ದು

ನನ್ನ ತಂಗಿಯೋ ತಮ್ಮನೋ ಕೇಳಿದರೆ ಹೀಗೆ ಹೇಳುತ್ತೇನೆ. ಶಿರಸಿ ಅಥವಾ ಪೊನ್ನಂಪೇಟೆ ಸಿಕ್ಕರೆ ಕಣ್ಣು ಮುಚ್ಚಿ ಸೇರು. ಸಹಿ ಹಾಕುವ ಕುರ್ಚಿಗೂ ಮರ ಹತ್ತುವ ಹಗ್ಗಕ್ಕೂ ಅದೇ ಹತ್ತಿರ. ಅದು ಸಿಗದೆ ತೋಟಗಾರಿಕೆ ಸಿಕ್ಕರೆ ಬೆಂಗಳೂರು ಅಥವಾ ಮೈಸೂರು ಕಾಲೇಜನ್ನು ಮೇಲೆ ಇಡು, ಏಕೆಂದರೆ ಊರಿನ ಹಳೆಯ ಮರಗಳು ಕಾಲೇಜಿನ ಹೊರಗೇ ಇವೆ. ಅದೂ ಆಗದಿದ್ದರೆ ಸಸ್ಯಶಾಸ್ತ್ರ, ಆಮೇಲೆ ಡೆಹ್ರಾಡೂನ್. ಚಿತ್ರ ಬರೆಯದೆ ಒಂದು ದಿನವೂ ಇರಲಾರೆ ಎನ್ನುವವರು ಮಾತ್ರ ಬಿಆರ್ಕ್‌ಗೆ ಹೋಗಲಿ.

ಹತ್ತನೇ ತರಗತಿಯಲ್ಲಿ ಇರುವವರು ಪಿಸಿಎಂಬಿ ತೆಗೆದುಕೊಳ್ಳಿ. ಜೀವಶಾಸ್ತ್ರ ಬಿಟ್ಟರೆ ಅರಣ್ಯ ತೋಟಗಾರಿಕೆಯ ಬಾಗಿಲು ಮುಚ್ಚುತ್ತದೆ, ಗಣಿತ ಬಿಟ್ಟರೆ ಬಿಆರ್ಕ್ ಬಾಗಿಲು ಮುಚ್ಚುತ್ತದೆ. ಮನೆಯಲ್ಲಿ ಜಮೀನು ಇದ್ದವರು ಸಿಇಟಿಯ ಕೃಷಿಕರ ಕೋಟಾವನ್ನು ಮರೆಯಬೇಡಿ; ಅದಕ್ಕೆ ಬೀಜ, ಗಿಡ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಕಾಗದಪತ್ರಗಳನ್ನು ತಹಶೀಲ್ದಾರ್ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಕೊನೆ ದಿನ ಸರದಿಯಲ್ಲಿ ನಿಂತು ಸೀಟು ಕಳೆದುಕೊಂಡವರನ್ನು ಪ್ರತಿವರ್ಷ ನೋಡುತ್ತೇವೆ.

ಆಯ್ಕೆ ನಮೂದಿಸುವ ಮೊದಲು ಸಾಧ್ಯವಾದರೆ ಕಾಲೇಜಿಗೇ ಹೋಗಿ ಬನ್ನಿ. ಪ್ರಾಂಶುಪಾಲರಿಗಿಂತ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ. ವಾರಕ್ಕೆ ಎಷ್ಟು ದಿನ ತರಗತಿಯಿಂದ ಹೊರಗೆ ಕರೆದುಕೊಂಡು ಹೋಗುತ್ತಾರೆ, ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ, ನೀವೇ ಗಿಡ ಸಂಗ್ರಹಿಸುತ್ತೀರೋ ಹಳೆಯದನ್ನೇ ನೋಡುತ್ತೀರೋ, ಕೊನೆಯ ವರ್ಷದ ಕ್ಷೇತ್ರಾನುಭವವನ್ನು ಪಾಲಿಕೆಯ ಅರಣ್ಯ ವಿಭಾಗದಲ್ಲಿ ಮಾಡಲು ಬಿಡುತ್ತಾರೋ, ಗರಗಸ ಯಾರಾದರೂ ಕೈಗೆ ಕೊಟ್ಟಿದ್ದಾರೋ ಎಂದು ಕೇಳಿ. ಹುಡುಗಿಯರ ಹಾಸ್ಟೆಲ್ ಎಷ್ಟು ಗಂಟೆಗೆ ಮುಚ್ಚುತ್ತದೆ, ಕ್ಷೇತ್ರಕ್ಕೆ ಹೋದಾಗ ಶೌಚಾಲಯದ ವ್ಯವಸ್ಥೆ ಏನು ಎಂದೂ ಕೇಳಿ. ಇವು ಸಣ್ಣ ಪ್ರಶ್ನೆಗಳಲ್ಲ, ನಾಲ್ಕು ವರ್ಷ ಅಲ್ಲಿ ಬದುಕಬೇಕಾದವರು ನೀವು. ಹಾಗೆಯೇ ಆ ಕಾಲೇಜಿನಿಂದ ಹೊರಬಂದವರಲ್ಲಿ ಈಗ ಊರಿನ ಮರಗಳ ಕೆಲಸ ಮಾಡುತ್ತಿರುವವರ ಫೋನ್ ನಂಬರ್ ಒಂದಾದರೂ ಕೇಳಿ ಪಡೆದುಕೊಂಡು, ಮನೆಗೆ ಬಂದ ದಿನವೇ ಅವರಿಗೆ ಫೋನ್ ಮಾಡಿ ಮಾತಾಡಿ.